ಬಿಳಿ ಬಟ್ಟೆಯೊಳಗಿನ ನಮ್ಮನೇದು

ನಾನು ಸತ್ತ ಸುದ್ದಿ ನನಗೆ ತಿಳಿದದ್ದು ರೈಲಿನಲ್ಲಿ. ಅದೂ ಟಿಕೆಟ್ ಇಲ್ಲದೆ ಹತ್ತಿದ ರೈಲಿನಲ್ಲಿ. ಕೈಯಲ್ಲಿ ಲ್ಯಾಪ್‌ಟಾಪಿನ ಚಾರ್ಜರ್ ಇತ್ತು, ಕಾಲಲ್ಲಿ ಕಸ ಹಾಕಲು ಹೋಗುವಾಗ ಮೆಟ್ಟುವ ಹಳೇ ಚಪ್ಪಲಿ. ಇಂಥ ದಿನಕ್ಕೆ ಸ್ವಲ್ಪ ಒಳ್ಳೆಯ ಚಪ್ಪಲಿ ಹಾಕಿಕೊಂಡಿರಬೇಕಿತ್ತು ಎಂದು ಆಮೇಲೆ ಅನ್ನಿಸಿತು.

ತಪ್ಪು ಯಾರದೆಂದು ಹೇಳುವುದು ಕಷ್ಟ. ನಮ್ಮವರನ್ನು ಕೇಳಿದರೆ ಉಪನ್ಯಾಸ ಕೊಟ್ಟ ಹುಡುಗನದು ಅನ್ನುತ್ತಾರೆ.

ನಮ್ಮವರು, ಅಂದರೆ ಇನಾಗಾಕಿ ಯೋಜಿ, ಮಾತ್ಸುಯೆಯಲ್ಲಿ ಮಂಜುಗಡ್ಡೆ ಯಂತ್ರ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿದ್ದಾರೆ. ಅರವತ್ತಕ್ಕೆ ನಿವೃತ್ತರಾಗಿ, ಹೂಗುಚ್ಛ ಹಿಡಿದು ಮನೆಗೆ ಬಂದು, ಮಾರನೆಯ ದಿನ ಅದೇ ಕುರ್ಚಿಗೆ ಅರ್ಧ ಸಂಬಳಕ್ಕೆ ವಾಪಸು ಹೋದವರು. ಆ ಕುರ್ಚಿ ಪ್ರತಿ ವರ್ಷ ಮಾರ್ಚ್ ಕೊನೆಗೆ ಹೊಸದಾಗಿ ಸಿಗಬೇಕು. ಹೀಗಿರುವಾಗ ಕಳೆದ ಶರತ್ಕಾಲದಲ್ಲಿ ಕಂಪನಿಯ ಲ್ಯಾಪ್‌ಟಾಪನ್ನು ರೈಲಿನಲ್ಲಿ ತಲೆಯ ಮೇಲಿನ ಅಟ್ಟಣಿಗೆಯಲ್ಲಿಟ್ಟು ಇಳಿದುಬಿಟ್ಟರು. ನಮ್ಮ ಕಡೆ ಮರೆತ ವಸ್ತು ಕಳೆದುಹೋಗುವುದಿಲ್ಲ. ಅದು ಕೊನೆಯ ನಿಲ್ದಾಣದವರೆಗೆ ಹೋಗಿ, ಕೊರಳಿಗೊಂದು ಚೀಟಿ ಕಟ್ಟಿಸಿಕೊಂಡು, ಹೋದಾಗ ಇದ್ದದ್ದಕ್ಕಿಂತ ಸ್ವಚ್ಛವಾಗಿ ಹಿಂತಿರುಗಿತು. ಆದರೆ ಕಂಪನಿಯ ಕಣ್ಣಿಗೆ ಅದು ಒಂದು ರಾತ್ರಿ ಎಲ್ಲೋ ಕಳೆದು ಬಂದ ಗಂಡನ ಹಾಗೆ ಕಂಡಿತು. ವಾಪಸು ಬಂತಲ್ಲ ಎಂದು ಯಾರೂ ಕ್ಷಮಿಸಲಿಲ್ಲ.

ವಿಭಾಗದ ಮುಖ್ಯಸ್ಥೆ ಹಾಯಾಮಿ ನಮ್ಮ ಮಗಳಾಗಬಹುದಾದ ವಯಸ್ಸಿನವರು. ಬಹಳ ಮೃದುವಾಗಿ, "ಇನಾಗಾಕಿ ಅವರೇ, ಇನ್ನೊಂದು ಸಲ ಹೀಗಾದ್ರೆ ಏಪ್ರಿಲ್‌ನಿಂದ ನಿಮಗೆ ಸ್ವಲ್ಪ ವಿಶ್ರಾಂತಿ ಸಿಗಬಹುದು" ಎಂದರಂತೆ. ನಮ್ಮಲ್ಲಿ ಇದಕ್ಕಿಂತ ಗಟ್ಟಿಯಾಗಿ ಯಾರೂ ಬೈಯುವುದಿಲ್ಲ.

ವಿಶ್ರಾಂತಿ ಎಂಬ ಮಾತಿಗೆ ಅವರಿಗಿಂತ ನಾನು ಹೆಚ್ಚು ಹೆದರಿದೆ. ಹೊಸ ವರ್ಷದ ರಜೆಯಲ್ಲಿ ಅವರು ನನ್ನ ಅಡುಗೆಮನೆಯ ಡ್ರಾಯರುಗಳನ್ನು "ಉಪಯೋಗದ ಕ್ರಮಕ್ಕೆ" ಜೋಡಿಸಿಟ್ಟಿದ್ದರು. ದೊಡ್ಡ ಸೌಟು ನನಗೆ ಇನ್ನೂ ಸಿಕ್ಕಿಲ್ಲ. ಆದರೆ ನಗುವ ಮಾತು ಬೇರೆ. ಬೆಳಗ್ಗೆ ಹೊಸ್ತಿಲಲ್ಲಿ ಬೂಟು ಹಾಕಿಕೊಂಡು "ಹೋಗಿ ಬರ್ತೀನಿ" ಅನ್ನುವುದಕ್ಕೆ ಆ ಮನುಷ್ಯನಿಗೆ ಒಂದು ಜಾಗ ಬೇಕಿತ್ತು. ಅದು ತಪ್ಪಿದರೆ ಏನಾಗುತ್ತಾರೆಂದು ಊಹಿಸಲು ನನಗೆ ಇಷ್ಟವಿರಲಿಲ್ಲ.

ಫೆಬ್ರವರಿಯಲ್ಲಿ ಹಾಮಾದ ಬಂದರಿನ ಮೀನುಗಾರರ ಸಂಘದವರು ಹೊಸ ಯಂತ್ರ ತೋರಿಸಿ ಎಂದು ಕರೆದರು. ಯಂತ್ರ ಹೇಗೆ ಓಡುತ್ತದೆ ಎಂಬ ಚಿತ್ರಗಳೆಲ್ಲ ಲ್ಯಾಪ್‌ಟಾಪಿನಲ್ಲೇ ಇದ್ದವು. ಹೋಗಬೇಕಾದವರು ನಮ್ಮವರೇ. ಅದಕ್ಕೂ ಮೊದಲು ಮುಖ್ಯ ಕಚೇರಿಯಿಂದ ಒಬ್ಬ ಹುಡುಗ ಬಂದು, ಪ್ರಯಾಣದಲ್ಲಿ ಲ್ಯಾಪ್‌ಟಾಪನ್ನು ಕಾಪಾಡುವುದು ಹೇಗೆ ಎಂದು ಉಪನ್ಯಾಸ ಕೊಟ್ಟ. ಲ್ಯಾಪ್‌ಟಾಪ್ ಲ್ಯಾಪ್‌ಟಾಪಿನ ಹಾಗೆ ಕಾಣಬಾರದು, ಮೈಯಿಂದ ದೂರವಾಗಬಾರದು, ಒಳಗೇನಿದೆ ಎಂದು ಯಾರು ಕೇಳಿದರೂ ಬಾಯಿ ಬಿಡಬಾರದು. ಕೇಳಿದವರಲ್ಲಿ ಅರ್ಧ ಜನ ತೂಕಡಿಸಿದರಂತೆ. ನಮ್ಮವರು ಮಾತ್ರ ಆ ಮಾತುಗಳನ್ನು ಸ್ನಾನದ ತೊಟ್ಟಿಯಲ್ಲಿ ಕೂತು ಮಂತ್ರದ ಹಾಗೆ ಹೇಳಿಕೊಳ್ಳತೊಡಗಿದರು.

ಅಭ್ಯಾಸವೂ ನಡೆಯಿತು. ಒಂದು ಸಂಜೆ ಲ್ಯಾಪ್‌ಟಾಪನ್ನು ಸ್ವೆಟರಿನೊಳಗೆ ಹೊಟ್ಟೆಗೆ ಕಟ್ಟಿಕೊಂಡು ತೋಫು ತರಲು ಹೋದರು. ಮರುದಿನ ತೋಫು ಅಂಗಡಿಯಾಕೆ ನನ್ನನ್ನು ಪಕ್ಕಕ್ಕೆ ಕರೆದು, "ಸುಮಿಯೆ ಅವರೇ, ಯಜಮಾನರ ಲಿವರ್ ಒಂದ್ಸಲ ಡಾಕ್ಟರಿಗೆ ತೋರಿಸಿ. ಹೊಟ್ಟೆ ಚೌಕಾಕಾರವಾಗಿ ಊದಿಕೊಂಡಿದೆ" ಎಂದಳು.

ಹಾಮಾದಕ್ಕೆ ಹೊರಡುವ ಬೆಳಗ್ಗೆ ನಾನು ಕಸ ಹಾಕಲು ಹೋದೆ. ಅವತ್ತು ಸುಡುವ ಕಸದ ದಿನ. ಯಾರೋ ಸುಡುವ ಕಸದೊಳಗೆ ಮೀನಿನ ತಗಡಿನ ಡಬ್ಬ ಹಾಕಿದ್ದರು. ಅದು ಯಾರ ಡಬ್ಬ ಎಂಬ ವಿಚಾರಣೆಯಲ್ಲಿ ಓಣಿಯ ಹೆಂಗಸರೆಲ್ಲ ನಿಂತಿದ್ದರು. ಮಧ್ಯೆ ಬಿಟ್ಟು ಹೋದರೆ ಡಬ್ಬ ನನ್ನದೇ ಎಂದಾಗುತ್ತಿತ್ತು. ವಿಚಾರಣೆ ಮುಗಿಸಿ ಮನೆಗೆ ಬಂದರೆ ಇವರು ಹೊರಟುಹೋಗಿದ್ದರು.

ಚಾಪೆಯ ಮೇಲೆ ಕಬ್ಬಿಣದ ಕೆಟಲು ಬತ್ತಲೆ ಕೂತಿತ್ತು. ಅದರ ಮರದ ಪೆಟ್ಟಿಗೆ ಇರಲಿಲ್ಲ. ವಸ್ತುಗಳನ್ನು ಸುತ್ತುವ ಚೌಕ ಬಟ್ಟೆಗಳ ಡ್ರಾಯರು ತೆರೆದಿತ್ತು. ಬಣ್ಣದ ಬಟ್ಟೆಗಳೆಲ್ಲ ಹೊರಗೆ ಬಿದ್ದಿದ್ದವು, ಬಿಳಿಯದು ಮಾತ್ರ ಇರಲಿಲ್ಲ. ಬೂದು ಸೂಟು ಡ್ರೈಕ್ಲೀನಿಂಗ್‌ಗೆ ಹೋಗಿತ್ತು, ಹಾಗಾಗಿ ಮನೆಯಲ್ಲಿದ್ದದ್ದು ಕಪ್ಪು ಸೂಟು ಒಂದೇ. ಅದೂ ಇರಲಿಲ್ಲ. ಇದೆಲ್ಲ ಕೂಡಿಸಿ ನೋಡಿದ್ದರೆ ನನಗೆ ಅಲ್ಲೇ ಹೊಳೆಯುತ್ತಿತ್ತು. ಕಪ್ಪು ಸೂಟು ತೊಟ್ಟು, ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆಯನ್ನು ಎರಡೂ ಕೈಯಿಂದ ಎದೆಗವುಚಿಕೊಂಡು ನಡೆಯುವ ಗಂಡಸನ್ನು ನಮ್ಮಲ್ಲಿ ಮಗು ಕೂಡ ಗುರುತಿಸುತ್ತದೆ. ಚಿತೆಯಲ್ಲಿ ಉಳಿದ ಮೂಳೆಗಳನ್ನು ಮಡಕೆಯಲ್ಲಿ ತುಂಬಿ, ಮಡಕೆಯನ್ನು ಪೆಟ್ಟಿಗೆಯಲ್ಲಿಟ್ಟು, ಮನೆಯವರು ಹಾಗೆ ಎತ್ತಿಕೊಂಡು ಹೋಗುವುದು.

ಆದರೆ ನಾನು ಏನನ್ನೂ ಕೂಡಿಸಲಿಲ್ಲ. ನನ್ನ ಕಣ್ಣು ಮೇಜಿನ ಮೇಲಿತ್ತು. ಅಲ್ಲಿ ಚಾರ್ಜರ್ ಹಾವಿನ ಹಾಗೆ ಸುರುಳಿ ಸುತ್ತಿ ಮಲಗಿತ್ತು. ಆ ಲ್ಯಾಪ್‌ಟಾಪಿನ ಬ್ಯಾಟರಿ ಹಳೆಯದು, ಚಾರ್ಜರ್ ಇಲ್ಲದೆ ಒಂದು ಚಿತ್ರ ತೋರಿಸುವಷ್ಟರಲ್ಲಿ ಕಣ್ಣು ಮುಚ್ಚುತ್ತದೆ. ನಾನು ಚಾರ್ಜರ್ ಹಿಡಿದು ನಿಲ್ದಾಣಕ್ಕೆ ಓಡಿದೆ.

ಎರಡೇ ಬೋಗಿಯ ರೈಲು. ಹಿಂದಿನ ಬೋಗಿಗೆ ಕಾಲಿಟ್ಟೆ, ಬಾಗಿಲು ಮುಚ್ಚಿತು. ಉಸಿರು ಹದಕ್ಕೆ ಬರುವಷ್ಟರಲ್ಲಿ ರೈಲು ಕೆರೆಯ ದಂಡೆಗುಂಟ ಓಡುತ್ತಿತ್ತು. ಮುಂದಿನ ಬೋಗಿಯಲ್ಲಿ ಆಗಲೇ ಏನೇನು ಆಗಿತ್ತೆಂದು ನನಗೆ ತಿಳಿದದ್ದು ಆಮೇಲೆ. ಓದುವವರಿಗೆ ಗೊಂದಲ ಬೇಡವೆಂದು ಈಗಲೇ ಹೇಳುತ್ತೇನೆ.

ಇವರನ್ನು ಕಂಡು ನಿಲ್ದಾಣದ ಗೇಟಿನವನು ಟೋಪಿ ತೆಗೆದನಂತೆ. ರೈಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದವನು ಎದ್ದು, "ಇಲ್ಲಿ ಕೂತ್ಕೊಳ್ಳಿ, ಸಮುದ್ರ ಕಾಣುತ್ತೆ. ಅವರಿಗೂ ಕಾಣ್ಲಿ" ಎಂದು ಜಾಗ ಬಿಟ್ಟನಂತೆ. ಜನ ಎಷ್ಟು ಒಳ್ಳೆಯವರಾಗಿದ್ದಾರೆ ಎಂದು ನಮ್ಮವರಿಗೆ ಸಂತೋಷವಾಯಿತು. ಎದುರಿನ ಸಾಲಿನ ಅಜ್ಜಿಯೊಬ್ಬಳು ಚೀಲದಿಂದ ಕಿತ್ತಳೆ ತೆಗೆದು, ಸೀಟಿನ ಮುಂದಿನ ಪುಟ್ಟ ಹಲಗೆಯ ಮೇಲೆ ಪೆಟ್ಟಿಗೆಗೆ ಎದುರಾಗಿ ಇಟ್ಟು ಕೈಮುಗಿದಳು. ಇವರೂ ತಿರುಗಿ ಕೈಮುಗಿದರು.

"ಎಷ್ಟು ವರ್ಷ ಜೊತೆಗಿದ್ರಿ?" ಎಂದು ಅಜ್ಜಿ ದನಿ ತಗ್ಗಿಸಿ ಕೇಳಿದಳು.

ಒಳಗಿರುವುದು ಈಕೆಗೆ ಹೇಗೆ ಗೊತ್ತಾಯಿತು ಎಂದು ಇವರು ಬೆವರಿದರು. ಆದರೆ ದನಿ ತಗ್ಗಿಸಿ ಕೇಳುವವರು ಗುಟ್ಟು ಕಾಯುವವರೇ ಇರಬೇಕು ಎಂದು ತಾವೂ ದನಿ ತಗ್ಗಿಸಿದರು.

"ಆರು ವರ್ಷ."

"ಬರೀ ಆರು. ಮೊದಲಿಂದ ಏನಾದ್ರೂ ತೊಂದ್ರೆ ಇತ್ತಾ?"

"ಈಚೆಗೆ ಸುಮ್‌ಸುಮ್ನೆ ಬಿಸಿ ಆಗೋದು. ಕೆಲಸ ಮಾಡ್ತಾ ಮಾಡ್ತಾನೇ ನಿಂತುಬಿಡೋದು."

"ಹೃದಯ," ಎಂದ ಹಿಂದಿನ ಸೀಟಿನ ಮುದುಕ. ಮೀನಿನ ಸಗಟು ವ್ಯಾಪಾರ ಮಾಡಿ ಬಿಟ್ಟವನು. "ನಮ್ಮಣ್ಣಂದೂ ಹೀಗೇ."

"ಹೊಸದು ತಗೊಳ್ಳಿ ಅಂತ ಎಲ್ರೂ ಹೇಳ್ತಿದಾರೆ," ಎಂದರು ಇವರು. "ನನಗೆ ಇದೇ ಅಭ್ಯಾಸ."

"ಆಗಲೇನಾ," ಅಜ್ಜಿ ತಲೆಯಾಡಿಸಿದಳು. "ಜನಕ್ಕೆ ಹೃದಯಾನೇ ಇಲ್ಲ." ಅಂದು, ಕಿತ್ತಳೆಯ ಪಕ್ಕ ಒಂದು ಅಕ್ಕಿ ಬಿಸ್ಕತ್ತು ಇಟ್ಟಳು. ಮುದುಕ ಕೈಗೆ ಜಪಮಣಿ ಸುತ್ತಿಕೊಂಡು ಮೆಲ್ಲಗೆ ಬುದ್ಧನ ನಾಮ ಶುರುಮಾಡಿದ.

ಇಜುಮೊ ನಿಲ್ದಾಣದಲ್ಲಿ ಕುರಾಮೊಚಿ ಹತ್ತಿದರು. ಅಲ್ಲಿಯವರೆಗೆ ಇದು ಪರಿಚಯವಿಲ್ಲದವರ ದುಃಖವಾಗಿತ್ತು, ಅಲ್ಲಿಂದ ಮುಂದೆ ನನ್ನ ಸಾವಾಯಿತು. ಕುರಾಮೊಚಿ ಇಪ್ಪತ್ತು ವರ್ಷ ನಮ್ಮ ಪಕ್ಕದ ಮನೆಯಾಕೆ. ಹೋದ ವರ್ಷವಷ್ಟೇ ಮಗನ ಮನೆಗೆಂದು ಇಜುಮೊಗೆ ಹೋಗಿದ್ದರು. ಬಾಗಿಲಲ್ಲೇ ನಿಂತು ಕಪ್ಪು ಸೂಟು ನೋಡಿದರು, ಬಿಳಿ ಬಟ್ಟೆ ನೋಡಿದರು.

"ಇನಾಗಾಕಿ ಅವರೇ. ಇದು ಯಾರದು?"

ಗುಟ್ಟು ಬಿಡುವ ಹಾಗಿಲ್ಲ, ಸುಳ್ಳು ಹೇಳಿ ಅಭ್ಯಾಸವಿಲ್ಲ. ಇವರು ತೋಚಿದ್ದು ಹೇಳಿದರು. "ನಮ್ಮನೇದು."

ಇಲ್ಲೇ ಕೆಟ್ಟಿದ್ದು. ನಮ್ಮ ಗಂಡಸರು ದುಡಿಯುವ ಕಂಪನಿಯನ್ನೂ ನಮ್ಮನೆ ಅನ್ನುತ್ತಾರೆ, ಕಟ್ಟಿಕೊಂಡ ಹೆಂಡತಿಯನ್ನೂ ನಮ್ಮನೆ ಅನ್ನುತ್ತಾರೆ. ಎರಡೂ ಒಂದೇ ಬಾಯಲ್ಲಿ, ಒಂದೇ ದನಿಯಲ್ಲಿ. ಕೇಳುವವರು ಮುಖ ನೋಡಿ ತಿಳಿದುಕೊಳ್ಳಬೇಕು. ಕುರಾಮೊಚಿ ಬಟ್ಟೆ ನೋಡಿ ತಿಳಿದುಕೊಂಡರು.

ಅಷ್ಟು ಹೊತ್ತಿಗೆ ಹಿಂದಿನ ಬೋಗಿಯಲ್ಲಿ, ಟಿಕೆಟ್ ಕೊಳ್ಳದೆ ಬೋಗಿ ದಾಟಬಾರದೆಂದು ಕಾಯುತ್ತಿದ್ದ ನನ್ನ ಹತ್ತಿರ ಟಿಕೆಟ್ ನೋಡುವ ಹುಡುಗಿ ಬಂದಳು. ನಾನು ಟಿಕೆಟ್ ಕೊಂಡು, ನನ್ನ ಯಜಮಾನರು ಮುಂದಿನ ಬೋಗಿಯಲ್ಲಿದ್ದಾರೆ, ಕಪ್ಪು ಸೂಟು, ಕೈಯಲ್ಲಿ ಪೆಟ್ಟಿಗೆ, ಎಂದೆ. ಹುಡುಗಿ ಬೆನ್ನು ಬಗ್ಗಿಸಿದಳು.

"ಮನಸ್ಸಿಗೆ ಬಹಳ ನೋವಾಗಿರುತ್ತೆ ನಿಮಗೆ. ಅತ್ತೆಯವರಾ?"

"ಅತ್ತೆ ಹೋಗಿ ಹನ್ನೊಂದು ವರ್ಷ ಆಯ್ತಲ್ಲಮ್ಮ."

ಅವಳು ಬಗ್ಗಿಸಿದ ತಲೆ ಎತ್ತಿದಳು. "ಹನ್ನೊಂದು ವರ್ಷ ಮನೇಲೇ ಇಟ್ಕೊಂಡಿದ್ರಾ?"

"ಇಟ್ಕೊಳ್ದೆ ಏನ್ಮಾಡೋದು, ಗಂಡನ ತಾಯಿ ಅಲ್ವಾ. ಹಾಸಿಗೆ ಹಿಡಿದ ಮೇಲೂ ನಾನೇ ನೋಡ್ಕೊಂಡೆ," ಎಂದೆ ನಾನು. ಅವಳು ನನ್ನನ್ನು ನೋಡಿದ ರೀತಿ ನನಗೆ ಅರ್ಥವಾಗಲಿಲ್ಲ.

ನಡುವಿನ ಬಾಗಿಲು ಸರಿಸಿದಾಗ ಮೊದಲು ಕೇಳಿಸಿದ್ದು ನನ್ನ ಹೆಸರು.

"ಸುಮಿಯೆ ಅಂಥೋರು ಇನ್ನು ಹುಟ್ಟಲ್ಲ," ಎಂದು ಕುರಾಮೊಚಿ ಕರವಸ್ತ್ರ ಹಿಡಿದು ಇಡೀ ಬೋಗಿಗೆ ಹೇಳುತ್ತಿದ್ದರು. "ಅವಳ ಕೈಯ ಉಪ್ಪಿನಕಾಯಿ ರುಚಿ ಇಡೀ ಓಣೀಲಿ ಯಾರಿಗೂ ಬರ್ತಿರಲಿಲ್ಲ."

ಇಪ್ಪತ್ತು ವರ್ಷ ಆಕೆ ನನ್ನ ಉಪ್ಪಿನಕಾಯಿ ತಿಂದು, "ಚೆನ್ನಾಗಿದೆ, ಸ್ವಲ್ಪ ಉಪ್ಪು ಜಾಸ್ತಿ" ಎಂದಿದ್ದರು. ನಾನು ಬಾಗಿಲಲ್ಲೇ ನಿಂತೆ.

"ಅವಳ ದೊಡ್ಡ ಮಣ್ಣಿನ ಪಾತ್ರೆ ನನ್ನ ಹತ್ರಾನೇ ಇದೆ," ಎಂದು ಬಿಕ್ಕಿದರು. "ಕೇಳಿದಾಗ ವಾಪಸ್ ಕೊಟ್ಟಾಯ್ತಲ್ಲ ಅಂದ್ಬಿಟ್ಟಿದ್ದೆ. ಮನೆ ಖಾಲಿ ಮಾಡುವಾಗ ಕಪಾಟಿನ ಹಿಂದೆ ಸಿಕ್ತು. ಯಾವ ಮುಖ ಇಟ್ಕೊಂಡು ಕೊಡೋದು ಅಂತ ಜೊತೇಲೇ ತಗೊಂಡು ಹೋದೆ."

ಆ ಪಾತ್ರೆಗಾಗಿ ನಾನು ಅಟ್ಟದ ಸಾಮಾನೆಲ್ಲ ಇಳಿಸಿ ಹುಡುಕಿದ್ದೆ. ಇನ್ನಷ್ಟು ಹೊತ್ತು ಸತ್ತಿರುವುದೇ ಲಾಭ ಎಂದು ಕಂಡಿತು. ಏನಾಗುತ್ತಿದೆ ಎಂಬುದೂ ಈಗ ಅರ್ಥವಾಗಿತ್ತು. ಬೆನ್ನು ಹಾಕಿ ಕೂತಿದ್ದ ನಮ್ಮವರಿಗೂ ಅರ್ಥವಾಗಿತ್ತು. ಅವರ ಕಿವಿಯ ಬಣ್ಣದಿಂದಲೇ ತಿಳಿಯುತ್ತಿತ್ತು. ಅಷ್ಟೊತ್ತಿಗೆ ಹಲಗೆಯ ಮೇಲೆ ಕಿತ್ತಳೆ, ಬಿಸ್ಕತ್ತು, ಚಹಾದ ಬಾಟಲಿ, ಎಣ್ಣೆಯಲ್ಲಿ ಕರಿದ ಮೀನಿನ ವಡೆ, ಎಲ್ಲ ನೈವೇದ್ಯ ಆಗಿತ್ತು. ಇಷ್ಟು ಜನ ಇಷ್ಟು ಮನಸ್ಸಿಟ್ಟು ಅತ್ತ ಮೇಲೆ, ಇದು ಲ್ಯಾಪ್‌ಟಾಪು ಎನ್ನುವುದು ಹೇಗೆ? ಹೇಳಿದರೆ ಗುಟ್ಟೂ ಹೋಯಿತು, ಏಪ್ರಿಲ್ ತಿಂಗಳೂ ಹೋಯಿತು.

"ಕೊನೇ ಗಳಿಗೇಲಿ ಕಷ್ಟಪಟ್ಟಳಾ?" ಕುರಾಮೊಚಿ ಕೇಳಿದರು.

"ಇಲ್ಲ. ಬೆಳಗ್ಗೆ ಕಸ ಹಾಕೋಕೆ ಅಂತ ಹೋದಳು," ಎಂದರು ನಮ್ಮವರು. ಸುಳ್ಳು ಬಾರದ ಮನುಷ್ಯ. "ವಾಪಸ್ ಬರಲಿಲ್ಲ."

"ಕಸದ ಹತ್ರ," ಎಂದು ಬೋಗಿಯಲ್ಲಿ ಪಿಸುಮಾತು ಹರಡಿತು. ಮುದುಕನ ಜಪ ಒಂದು ಮಟ್ಟ ಏರಿತು.

ಅಜ್ಜಿ ಮುಂದಕ್ಕೆ ಬಾಗಿದಳು. "ಅವಳ ಬಗ್ಗೆ ಒಂದು ಮಾತು ಹೇಳಪ್ಪ. ಹೇಳಿದ್ರೆ ಎದೆ ಹಗುರ ಆಗುತ್ತೆ."

ನಮ್ಮವರು ಬಹಳ ಹೊತ್ತು ಪೆಟ್ಟಿಗೆಯ ಗಂಟು ನೋಡಿದರು. ಈ ಮೂವತ್ತನಾಲ್ಕು ವರ್ಷದಲ್ಲಿ ಅವರು ನನ್ನ ಬಗ್ಗೆ ಮೂರನೆಯವರ ಮುಂದೆ ಹೇಳಿದ ಮಾತೆಂದರೆ "ನಮ್ಮನೇದಕ್ಕೆ ಏನೂ ಗೊತ್ತಾಗಲ್ಲ" ಎಂಬುದೊಂದೇ. ನಾನು ಚಾರ್ಜರನ್ನು ಬಿಗಿಯಾಗಿ ಹಿಡಿದುಕೊಂಡೆ.

"ನಾನು ಮರೀತೀನಿ," ಎಂದರು. "ಕೊಡೆ, ಕನ್ನಡಕ, ಊಟದ ಡಬ್ಬಿ, ಎಲ್ಲ ಮರೀತೀನಿ. ಮರೆತಿದ್ದು ನನಗೆ ನೆನಪಾಗೋದ್ರೊಳಗೆ ಅವಳು ತಂದು ಕೊಡ್ತಾಳೆ. ಅವಳು ಇದ್ದಾಳೆ ಅಂತಾನೇ ನಾನು ಮರೆಯೋದು ಅನ್ಸುತ್ತೆ."

"ಕೊಡ್ತಿದ್ದಳು," ಎಂದು ಕುರಾಮೊಚಿ ಮೆಲ್ಲಗೆ ತಿದ್ದಿದರು.

"ಇಲ್ಲ. ಕೊಡ್ತಾಳೆ."

ಇಂಥ ಮಾತಿನ ನಂತರ ಬಾಗಿಲ ಹಿಂದೆ ನಿಂತಿರುವುದು ಯಾವ ಹೆಂಗಸಿಗೂ ಸಾಧ್ಯವಿಲ್ಲ. ನಾನು ಹೋಗಿ ಅವರ ಪಕ್ಕದಲ್ಲಿ ಚಾರ್ಜರ್ ಚಾಚಿದೆ. "ರೀ, ಇದನ್ನ ಬಿಟ್ಟು ಬಂದಿದ್ರಿ."

ನಮ್ಮವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ನೋಡಿ, ಬಂದಳು," ಎಂದು ಎಲ್ಲರಿಗೂ ತೋರಿಸಿದರು.

ಮುದುಕ ಕಣ್ಣು ಮುಚ್ಚಿ ಜಪವನ್ನು ಓಟಕ್ಕೆ ಬಿಟ್ಟ. ಕುರಾಮೊಚಿ ಮಾತ್ರ ಬುದ್ಧಿವಂತೆ, ನನ್ನ ಮುಖ ನೋಡಲಿಲ್ಲ, ನೇರ ಕಾಲು ನೋಡಿದರು. ದೆವ್ವಕ್ಕೆ ಕಾಲಿರುವುದಿಲ್ಲ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ನನಗೆ ಕಾಲಿತ್ತು, ಕಾಲಲ್ಲಿ ಕಸದ ಚಪ್ಪಲಿಯೂ ಇತ್ತು. ಅದನ್ನು ಅವರು ಇಪ್ಪತ್ತು ವರ್ಷದಿಂದ ಬಲ್ಲರು.

"ಸುಮಿಯೆ," ಎಂದರು. "ಬದುಕಿದೀಯಾ?"

"ಹೌದು, ಕ್ಷಮಿಸಿ," ಎಂದೆ. ಬೇರೇನು ಹೇಳಬೇಕೆಂದು ತೋಚಲಿಲ್ಲ.

"ಹಾಗಾದ್ರೆ ಒಳಗಿರೋರು ಯಾರು?"

ಎಲ್ಲರೂ ಪೆಟ್ಟಿಗೆ ನೋಡಿದರು. ನಮ್ಮವರು ನನ್ನನ್ನು ನೋಡಿದರು. ಬೆಳಗಿನಿಂದ ಆ ಹುಡುಗನ ಉಪನ್ಯಾಸವನ್ನು ಅಕ್ಷರಶಃ ಪಾಲಿಸಿದ್ದ ಮನುಷ್ಯ. ಹಾಮಾದಕ್ಕೆ ಇನ್ನು ಸ್ವಲ್ಪವೇ ದೂರ. ಅದನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ.

"ಅದನ್ನ ಹೇಳೋ ಹಾಗಿಲ್ಲ, ಕುರಾಮೊಚಿ ಅವರೇ," ಎಂದೆ.

ಅಜ್ಜಿ ಬೆರಳು ಮಡಿಚಿದಳು. "ಆರು ವರ್ಷ ಜೊತೆಗಿದ್ದೆ ಅಂತ ನನ್ನ ಹತ್ರ ಅಂದ. ನಿಮ್ಮ ಮದುವೆಯಾಗಿ ಎಷ್ಟಾಯ್ತಮ್ಮ?"

"ಮೂವತ್ತನಾಲ್ಕು."

ಕುರಾಮೊಚಿಯ ಮುಖದ ಮೇಲೆ ಎರಡನೇ ಮನೆಯೊಂದು ಗೋಡೆ, ಚಾವಣಿ, ಬಾಗಿಲು ಸಮೇತ ಎದ್ದು ನಿಂತಿತು.

"ನಿನಗೆ ಗೊತ್ತಿತ್ತಾ?" ಎಂದು ನನ್ನ ಕೈ ಹಿಡಿದರು.

"ಗೊತ್ತಿಲ್ದೆ ಏನು. ಮನೆಗೂ ಕರ್ಕೊಂಡು ಬರ್ತಿದ್ರು. ಊಟ ಆದ್ಮೇಲೆ ಅದರ ಮುಂದೇನೇ ಕೂತಿರ್ತಿದ್ರು."

ನಮ್ಮವರು ಕೆಮ್ಮಿದರು. ಅಜ್ಜಿ ಕಿತ್ತಳೆಯನ್ನು ಪೆಟ್ಟಿಗೆಯ ಮುಂದಿನಿಂದ ಎತ್ತಿ ನನ್ನ ಮಡಿಲಿಗೆ ಹಾಕಿದಳು. ಮೀನಿನ ವಡೆಯೂ ನನ್ನ ಕಡೆ ಬಂತು.

ಹಾಮಾದ ಬಂತು. ನಮ್ಮವರು ಪೆಟ್ಟಿಗೆಯನ್ನು ಸೀಟಿನ ಮೇಲಿಟ್ಟು ಕೋಟು ತೊಟ್ಟರು, ಚಾರ್ಜರ್ ನೆನಪಿನಿಂದ ಜೇಬಿಗೆ ಹಾಕಿದರು, ನನ್ನ ಮಡಿಲ ಕಿತ್ತಳೆಯನ್ನು ಎತ್ತಿಕೊಂಡರು, ಎಲ್ಲರಿಗೂ ಬಾಗಿ ನಮಸ್ಕರಿಸಿದರು. ನಾವು ಪ್ಲಾಟ್‌ಫಾರ್ಮಿಗೆ ಇಳಿದೆವು. ನಾನು ಮೆಟ್ಟಿಲ ಕಡೆ ನೋಡುತ್ತಿದ್ದೆ. ಅವರು ಚಾರ್ಜರ್ ಇದೆಯಾ ಎಂದು ಜೇಬು ಮುಟ್ಟಿ ನೋಡುತ್ತಿದ್ದರು.

ಹಿಂದಿನಿಂದ ಗಾಜು ಬಡಿಯುವ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಇಡೀ ಬೋಗಿ ಎದ್ದು ನಿಂತಿದೆ. ಮುದುಕ ಜಪಮಣಿ ಹಿಡಿದ ಕೈಯಿಂದ ಕಿಟಕಿ ಬಡಿಯುತ್ತಿದ್ದಾನೆ. ಟಿಕೆಟ್ ಹುಡುಗಿ ಬಾಗಿಲಿಗೆ ಅಡ್ಡ ನಿಂತು ರೈಲು ಹಿಡಿದುಕೊಂಡಿದ್ದಾಳೆ. ನಮ್ಮಲ್ಲಿ ರೈಲನ್ನು ತಡಮಾಡಿಸುವುದು ಸಣ್ಣ ಮಾತಲ್ಲ. ಮರೆತ ಲ್ಯಾಪ್‌ಟಾಪಿಗಾಗಿ ಯಾರೂ ಹಾಗೆ ಮಾಡುವುದಿಲ್ಲ. ಅದು ಕೊನೆಯ ನಿಲ್ದಾಣಕ್ಕೆ ಹೋಗಿ ಚೀಟಿ ಕಟ್ಟಿಸಿಕೊಳ್ಳುತ್ತದೆ. ಆದರೆ ಅಸ್ಥಿಯನ್ನು ಸೀಟಿನ ಮೇಲೆ ಬಿಟ್ಟು ಹೋಗುವವನನ್ನು ಯಾವ ಬೋಗಿಯೂ ಬಿಡುವುದಿಲ್ಲ.

ಕುರಾಮೊಚಿ ಬಿಳಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹೊತ್ತು ಬಾಗಿಲಿಗೆ ಬಂದರು. ಮುಖದಲ್ಲಿ ಸಿಟ್ಟು, ಕೈಯಲ್ಲಿ ಮರ್ಯಾದೆ.

"ಯಾರೇ ಆಗಿರ್ಲಿ, ಇನಾಗಾಕಿ ಅವರೇ," ಎಂದರು. "ಆರು ವರ್ಷ ಜೊತೆಗಿದ್ದವಳನ್ನ ಹೀಗೆ ಬಿಟ್ಟು ಹೋಗಬಾರದು."

ನಮ್ಮವರು ಪೆಟ್ಟಿಗೆಯನ್ನು ಎದೆಗವುಚಿಕೊಂಡು ಸೊಂಟ ಮುರಿಯುವಷ್ಟು ಬಾಗಿದರು. ಅವರ ಕಣ್ಣಲ್ಲಿ ನೀರಿತ್ತು. ಅದು ಏಪ್ರಿಲ್ ತಿಂಗಳ ನೀರೆಂದು ನನಗೆ ಮಾತ್ರ ಗೊತ್ತಿತ್ತು.

ಸಂಘದ ಕೋಣೆಯಲ್ಲಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಾಗ ಮೀನುಗಾರರೆಲ್ಲ ಎದ್ದು ನಿಂತು ಟೋಪಿ ತೆಗೆದರು. ನಮ್ಮವರು ಗಂಟು ಬಿಚ್ಚಿದರು. ಟವೆಲುಗಳ ನಡುವಿನಿಂದ ಲ್ಯಾಪ್‌ಟಾಪು ಹೊರಬಂತು. ಚಾರ್ಜರ್ ಚುಚ್ಚಿದರು, ತೆರೆ ಬೆಳಗಿತು. ಎಲ್ಲರೂ ಟೋಪಿ ಕೈಯಲ್ಲೇ ಹಿಡಿದು ತೆರೆ ನೋಡಿದರು. ಕೊನೆಗೆ ಸಂಘದ ಅಧ್ಯಕ್ಷರು, "ಎದ್ದು ಕೂತಿತಲ್ಲ" ಎಂದರು. ಆಮೇಲೆ ಆ ಕೋಣೆ ನಗುವುದನ್ನು ನಿಲ್ಲಿಸಲು ಚಹಾ ತರಿಸಬೇಕಾಯಿತು. ಹೊಟ್ಟೆ ಹಿಡಿದು ನಕ್ಕ ಮೇಲೆ ಯಂತ್ರ ಬೇಡ ಅನ್ನುವುದು ಅವರಿಗೂ ಕಷ್ಟವಾಗಿರಬೇಕು.

ಮಾರ್ಚ್ ಕೊನೆಗೆ ಹಾಯಾಮಿ ಇವರನ್ನು ಕರೆದು, ಮುಂದಿನ ವರ್ಷಕ್ಕೂ ಕುರ್ಚಿ ಇದೆ ಎಂದರು. ಹೊಸದಾಗಿ ಸೇರುವವರಿಗೆ ಪ್ರಯಾಣದಲ್ಲಿ ಲ್ಯಾಪ್‌ಟಾಪ್ ಕಾಪಾಡುವ ಬಗ್ಗೆ ನೀವೇ ಒಂದು ಮಾತು ಹೇಳಬೇಕು ಎಂದೂ ಕೇಳಿದರಂತೆ.

ಕುರಾಮೊಚಿ ನನ್ನ ಮಣ್ಣಿನ ಪಾತ್ರೆ ಕಳಿಸಿದರು, ಒಳಗೆ ತಮ್ಮ ಹಿತ್ತಲಿನ ಮೂಲಂಗಿ ತುಂಬಿಸಿ. ಈಗಲೂ ಆಗಾಗ ಫೋನ್ ಮಾಡಿ, ನನ್ನ ಸಹನೆಯನ್ನು ಹೊಗಳುತ್ತಾರೆ. ನನ್ನ ಉಪ್ಪಿನಕಾಯಿಗೆ ಉಪ್ಪು ಈಗ ಸರಿಯಾಗಿದೆಯಂತೆ. ನಿಜ ಹೇಳಬೇಕು ಎಂದು ಪ್ರತಿ ಸಲವೂ ಅಂದುಕೊಳ್ಳುತ್ತೇನೆ.

ಏಪ್ರಿಲ್‌ನ ಮೊದಲ ದಿನ ನಮ್ಮವರು ಹೊಸ್ತಿಲಲ್ಲಿ ಬೂಟು ಹಾಕಿಕೊಂಡರು. ಕೆಟಲಿನ ಪೆಟ್ಟಿಗೆಯನ್ನು ನಾನೇ ಕೊಕ್ಕರೆಗಳ ಚಿತ್ರವಿರುವ ಕೆಂಪು ಬಟ್ಟೆಯಲ್ಲಿ ಸುತ್ತಿ, ಒಳಗೆ ಚಾರ್ಜರ್ ಇಟ್ಟು, ಗಂಟು ಕಟ್ಟಿ ಕೊಟ್ಟೆ. ಮದುವೆಗೆ ಉಡುಗೊರೆ ಒಯ್ಯುವವರ ಹಾಗೆ ಕಾಣುತ್ತಿದ್ದರು. ದಾರಿಯಲ್ಲಿ ಎಲ್ಲರೂ ಶುಭ ಕೋರುತ್ತಾರೆ, ಕೋರಲಿ.

"ಹೋಗಿ ಬರ್ತೀನಿ," ಎಂದರು.

"ಹೋಗಿ ಬನ್ನಿ," ಎಂದೆ.

ಬಾಗಿಲು ಹಾಕಿ ಒಳಗೆ ಬಂದೆ. ಮೇಜಿನ ಮೇಲೆ ಅವರ ಕನ್ನಡಕ ಕೂತು ನನ್ನನ್ನೇ ನೋಡುತ್ತಿತ್ತು. ಅದನ್ನು ಎತ್ತಿಕೊಂಡು ಹೊಸ್ತಿಲಿಗೆ ಬಂದೆ. ಕಸದ ಚಪ್ಪಲಿಗೆ ಕಾಲು ಹಾಕಿದವಳು ತೆಗೆದೆ. ಈ ಸಲ ಒಳ್ಳೆಯ ಚಪ್ಪಲಿ ಹಾಕಿಕೊಂಡೆ.